ಹಮೀದಾಕ ಫಾರ್ಮ್ಯಾಟ್ ಹೊಡೆದ ದಿನ

ಮೊನ್ನೆ ಬೆಳಿಗ್ಗೆ ಎದ್ದು ನೋಡುವಾಗ ನನ್ನ ಮೊಬೈಲು ಮುಖ ಬದಲಾಯಿಸಿಕೊಂಡು ಕೂತಿತ್ತು. ಅದೇನೋ ಅಪ್‌ಡೇಟ್ ಅಂತೆ. ನಾನು ಮಲಗಿದ್ದಾಗ ತಾನಾಗಿಯೇ ಹೊಸ ವ್ಯವಸ್ಥೆ ಹಾಕಿಕೊಂಡು, ಗುಂಡಗಿದ್ದ ಚಿತ್ರಗಳನ್ನು ಚೌಕ ಮಾಡಿ, ಮೇಲಿದ್ದದ್ದನ್ನು ಕೆಳಗಿಳಿಸಿ, ಏನೂ ಆಗದವರ ಹಾಗೆ ಬೆಳಗುತ್ತಿತ್ತು. ಹಾಲನ್ನು ಒಲೆಯ ಮೇಲಿಟ್ಟು ತಂಗಿಗೆ ಫೋನು ಮಾಡುವುದು ನನ್ನ ನಿತ್ಯದ ಕ್ರಮ. ಹೆಬ್ಬೆರಳು ಎಂದಿನಂತೆ ಎಡಗಡೆಯ ಕೆಳ ಮೂಲೆಗೆ ಹೋಯಿತು. ಅಲ್ಲಿ ಕ್ಯಾಮೆರಾ ಬಂದು ಕೂತಿತ್ತು. ತಂಗಿಯ ಧ್ವನಿ ಕೇಳಬೇಕಾದಲ್ಲಿ, ಬಾಚದ ತಲೆಯ, ಒಂದು ಕಣ್ಣು ಇನ್ನೂ ಪೂರ್ತಿ ತೆರೆಯದ ಹೆಂಗಸೊಬ್ಬಳು ನನ್ನನ್ನೇ ದಿಟ್ಟಿಸಿ ನೋಡಿದಳು. ಅವಳು ನಾನೇ ಎಂದು ತಿಳಿಯುವಷ್ಟರಲ್ಲಿ ಹಾಲು ಉಕ್ಕಿತು.

ಕನ್ನಡಕ ಹಾಕಿಕೊಂಡು ನೋಡಿದರೆ ಪ್ರತಿ ಚಿತ್ರದ ಕೆಳಗೂ ಹೆಸರು ಬರೆದೇ ಇತ್ತು. ಓದಿದರೆ ಮುಗಿಯಿತು, ಅಲ್ಲವೇ? ಆದರೂ ಆ ದಿನ ಇನ್ನೂ ಎರಡು ಸಲ ನಾನು ಅದೇ ತಪ್ಪು ಮಾಡಿದೆ. ಬೆರಳು ಓದುವುದಿಲ್ಲ ನೋಡಿ. ಅದಕ್ಕೆ ಗೊತ್ತಿರುವುದು ಜಾಗ ಮಾತ್ರ. ಒಲೆಯ ಸುತ್ತ ಒರೆಸುತ್ತಾ ಇದನ್ನೇ ಯೋಚಿಸುತ್ತಿದ್ದಾಗ ದೇವಕಿ ನೆನಪಾದಳು. ಅವಳ ಹಿಂದೆಯೇ ಹಮೀದಾಕ. ಅವರಿಬ್ಬರ ಹಿಂದೆ, ನಾನು ಇಷ್ಟು ವರ್ಷ ಬಾಯಿ ಬಿಟ್ಟು ಹೇಳದೆ ಇಟ್ಟುಕೊಂಡ ಒಂದು ವಿಷಯ.

ಕಡಬದಿಂದ ಪಂಜಕ್ಕೆ ಹೋಗುವ ದಾರಿಯಲ್ಲಿ ನನ್ನ ಯಜಮಾನರ ಒಂದು ಕಂಪನಿ ಇದೆ. (ಇನ್ನು ಮುಂದೆ ನಾನು 'ಇವರು' ಎಂದರೆ ಅವರೇ.) ಕಂಪನಿ ಎಂದ ಕೂಡಲೇ ನೀವು ಗಾಜಿನ ಕಟ್ಟಡವನ್ನು ಕಲ್ಪಿಸಿಕೊಳ್ಳಬೇಡಿ. ಶೀಟು ಹಾಕಿದ ಎರಡು ಉದ್ದನೆಯ ಕಟ್ಟಡ. ಒಂದರಲ್ಲಿ ಉಪ್ಪಿನಕಾಯಿ, ಹಪ್ಪಳ, ಪುನರ್ಪುಳಿ ಶರಬತ್ತು ತಯಾರಾಗುತ್ತದೆ. ಇನ್ನೊಂದರಲ್ಲಿ ಬಾಟಲಿಗಳಿಗೆ ಲೇಬಲ್ ಅಂಟಿಸುವ ಜಾಗ ಮತ್ತು ಆಫೀಸು. ಆಫೀಸಿನಲ್ಲಿ ನಾಲ್ಕು ಕಂಪ್ಯೂಟರು, ಅವನ್ನು ಬಳಸುವವರು ಒಂಬತ್ತು ಜನ. ಬೆಳಿಗ್ಗೆ ಒಬ್ಬರು ಕೂತ ಕುರ್ಚಿಯಲ್ಲಿ ಮಧ್ಯಾಹ್ನ ಇನ್ನೊಬ್ಬರು. ಹಾಗಾಗಿ ಅವುಗಳ ಮೈಮೇಲೆ ಎಲ್ಲರ ಗುರುತೂ ಇರುತ್ತಿತ್ತು. ಒಂದು ಕೀಲಿಯ ಮೇಲೆ ಅರಶಿನದ ಕಲೆ, ಇಲಿಯ ಹಾಗಿರುವ ಮೌಸಿನ ಬೆನ್ನಿಗೆ ಎಣ್ಣೆಯ ಜಿಡ್ಡು, ಒಂದರ ಮೂಲೆಯಲ್ಲಿ ರೋಸಮ್ಮ ಸಿಕ್ಕಿಸಿಟ್ಟ ಮೇರಿ ಮಾತೆಯ ಬೆರಳಗಲದ ಪಟ. ರೋಸಮ್ಮ ನೆಲ್ಯಾಡಿಯವಳು. ಬಾಟಲಿಗಳು ಯಾವ ಊರಿಗೆ ಯಾವಾಗ ಹೋಗಬೇಕೆಂದು ನೋಡಿಕೊಳ್ಳುವುದು ಅವಳ ಕೆಲಸ. ಮಲಯಾಳದಲ್ಲಿ ಯೋಚಿಸಿ, ತುಳುವಿನಲ್ಲಿ ಜಗಳಾಡಿ, ಕನ್ನಡದಲ್ಲಿ ಬರೆಯುವ ಗಟ್ಟಿಗಿತ್ತಿ.

ಕಿಟಕಿಯ ಬದಿಯ ಕಂಪ್ಯೂಟರು ಲೇಬಲ್ ಮುದ್ರಿಸುವಂಥದ್ದು. ಅದರ ಪಕ್ಕದಲ್ಲೊಂದು ಹಳೆಯ, ಬೂದು ಬಣ್ಣದ ಪುಟ್ಟ ಪ್ರಿಂಟರು. ಅಲ್ಲಿ ಹೆಚ್ಚಿನ ಹೊತ್ತು ಕೂರುವವಳು ದೇವಕಿ. ಅವಳ ನಿಜವಾದ ಹೆಸರು ಬೇರೆ. ಇದು ಅವಳೇ ಆರಿಸಿಕೊಟ್ಟದ್ದು, ಬರೆಯುವುದೂ ಅವಳ ಒಪ್ಪಿಗೆ ಪಡೆದೇ. ಇವರು ಮದುವೆಯಾದಂದಿನಿಂದ ನಾನು ಬರೆದದ್ದನ್ನು ಓದಿದವರಲ್ಲ, ಆ ಧೈರ್ಯ ನಮ್ಮಿಬ್ಬರಿಗೂ ಇದೆ. ಅವಳು ನನ್ನನ್ನು ಅಕ್ಕ ಎನ್ನುತ್ತಾಳೆ, ವಯಸ್ಸಿನಲ್ಲಿ ಮಾತ್ರ ನನಗಿಂತ ಎರಡು ವರ್ಷ ದೊಡ್ಡವಳು.

ಮೊದಲು ದೇವಕಿ ಒಳಗಿನ ಕಟ್ಟಡದಲ್ಲಿ, ಉಪ್ಪುನೀರಿನಿಂದ ಮಾವಿನ ಮಿಡಿ ತೆಗೆಯುವ ಕೆಲಸದಲ್ಲಿದ್ದಳು. ಉಪ್ಪು ಅವಳ ಕೈಗೆ ಆಗಲಿಲ್ಲ. ಕೈಗವಸು ಹಾಕಿದರೂ, ಎಣ್ಣೆ ಹಚ್ಚಿದರೂ, ಬೆರಳ ಸಂದು ಬಿರಿದು ರಕ್ತ ಬರುತ್ತಿತ್ತು. ಮನೆಗೆ ಹೋದರೆ ಅನ್ನ ಕಲಸಿ ಉಣ್ಣಲಾಗದೆ ಚಮಚ ಹಿಡಿಯುತ್ತಿದ್ದಳಂತೆ. ಅದನ್ನು ನೋಡಿ ಇವರು ಅವಳನ್ನು ಲೇಬಲಿನ ಕಂಪ್ಯೂಟರಿಗೆ ಹಾಕಿದರು. "ಇದು ಒತ್ತು, ಮತ್ತೆ ಇದು ಒತ್ತು, ತಾರೀಕು ಹಾಕು, ಆಮೇಲೆ ಇದು," ಎಂದು ರೋಸಮ್ಮ ಒಂದು ದಿನ ತೋರಿಸಿಕೊಟ್ಟಳು. ಮರುದಿನದಿಂದ ದೇವಕಿ ಒಬ್ಬಳೇ ಮಾಡಿದಳು. ಹದಿನಾಲ್ಕು ಬಗೆಯ ಲೇಬಲು, ಒಂದೂ ತಪ್ಪಿಲ್ಲ. "ಎಂತ ತಲೆ ಮಾರಾಯ್ತಿ ನಿಂದು!" ಎಂದು ರೋಸಮ್ಮನೇ ಬೆರಗಾದಳು. ಕೈ ವಾಸಿಯಾಯಿತು. ನಾನು ಮೊದಲ ಸಲ ದೇವಕಿ ಬಳೆ ಹಾಕಿಕೊಂಡದ್ದನ್ನು ನೋಡಿದ್ದು ಆಗಲೇ.

ಈಗ ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಪುತ್ತೂರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ನಮಗೊಬ್ಬರು ಸಿಸ್ಟರ್ ಇದ್ದರು. ಸಂಜೆ ಗಂಟೆ ಹೊಡೆಯುವ ಮೊದಲು ಎಲ್ಲರೂ ಡೆಸ್ಕಿನ ಮುಚ್ಚಳ ಎತ್ತಿ ನಿಲ್ಲಬೇಕು. ಪೆನ್ಸಿಲು, ರಬ್ಬರು, ಅಡಿಕೋಲು ಒಂದೇ ದಿಕ್ಕಿಗೆ ಮುಖ ಮಾಡಿ ಮಲಗಿರಬೇಕು. ಅವರು ಬೈಯುತ್ತಿರಲಿಲ್ಲ. ಓರೆಯಾದ ಪೆನ್ಸಿಲನ್ನು ಒಂದು ಬೆರಳಿನಿಂದ ಮೆಲ್ಲಗೆ ನೇರ ಮಾಡಿ ಮುಂದೆ ಹೋಗುತ್ತಿದ್ದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ, ಆ ಬೆರಳು ಮಾತ್ರ ನನ್ನೊಳಗೆ ಉಳಿದುಬಿಟ್ಟಿತು. ಇಂದಿಗೂ ಯಾರ ಮನೆಗೆ ಹೋದರೂ ನನ್ನ ಕೈ ಸುಮ್ಮನಿರುವುದಿಲ್ಲ. ಮಾತಾಡುತ್ತಾ ಆಡುತ್ತಾ ಅವರ ಸಾಂಬಾರ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿ ಬಂದಿರುತ್ತೇನೆ. ನನ್ನ ನಾದಿನಿ ನಾನು ಬರುವ ದಿನ ಅಡಿಗೆಮನೆಯ ಕಪಾಟಿಗೆ ಬೀಗ ಹಾಕುತ್ತಾಳೆ ಎಂಬ ಸುದ್ದಿ ಇದೆ. ಕೇಳಿದರೆ ನಗುತ್ತಾಳೆ, ಇಲ್ಲವೆಂದು ಮಾತ್ರ ಹೇಳುವುದಿಲ್ಲ.

ಒಂದು ಗುರುವಾರ ಇವರಿಗೆ ಬುತ್ತಿ ತೆಗೆದುಕೊಂಡು ಹೋಗಿದ್ದೆ. ಆಫೀಸಿನವರೆಲ್ಲ ಊಟಕ್ಕೆ ಎದ್ದಿದ್ದರು. ಲೇಬಲಿನ ಮೇಲಿನ ಕನ್ನಡವನ್ನು ಒಮ್ಮೆ ನೋಡಿಕೊಡು ಎಂದು ಇವರು ಹೇಳಿದ್ದರಿಂದ ಕಿಟಕಿ ಬದಿಯ ಕಂಪ್ಯೂಟರಿನ ಮುಂದೆ ಕೂತೆ. ಅಬ್ಬ, ಆ ಪರದೆಯೇ! ಒಣಗಲು ಹಾಕಿದ ಹಪ್ಪಳದ ಮೇಲೆ ಕೋಳಿ ನಡೆದ ಹಾಗೆ ಐಕಾನುಗಳು ಅಲ್ಲೊಂದು ಇಲ್ಲೊಂದು ಬಿದ್ದಿದ್ದವು. ನಡುವೆ ಖಾಲಿ. ಪರದೆಯ ಚೌಕಟ್ಟಿಗೆ ಬೇರೆ ನಾಲ್ಕು ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದರು, ಕೆಂಪು, ಹಸಿರು. ಸ್ನಾನದ ಮನೆಯ ಕನ್ನಡಿಗೆ ಹೆಂಗಸರು ಅಂಟಿಸಿಡುತ್ತಾರಲ್ಲ, ಹಾಗೆ. ಹೆಸರಿನ ಪ್ರಕಾರ ಜೋಡಿಸು ಎಂದು ಒಂದೇ ಒತ್ತಿನಲ್ಲಿ ಕಂಪ್ಯೂಟರಿಗೆ ಹೇಳಬಹುದೆಂದು ನನಗೆ ಗೊತ್ತಿತ್ತು. ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಸಾಲಾಗಿ ನಿಂತವು. ಪ್ರಾರ್ಥನೆಗೆ ನಿಂತ ಶಾಲೆಯ ಮಕ್ಕಳ ಹಾಗೆ! ಬೊಟ್ಟುಗಳನ್ನೂ ಉಗುರಿನಿಂದ ಎಬ್ಬಿಸಿ, ಚೌಕಟ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಯಾರಿಗೂ ಹೇಳದೆ ಒಂದು ಉಪಕಾರ ಮಾಡಿದ ಸಂತೋಷದಲ್ಲಿ ಬಸ್ಸು ಹತ್ತಿ ಮನೆಗೆ ಬಂದೆ.

ಆ ವಾರ ಐವರ್ನಾಡಿನ ಒಂದು ಮನೆಯಲ್ಲಿ ಪೂಜೆಯ ಊಟ. ಬೆಳ್ಳುಳ್ಳಿ ಹಾಕದ ಉಪ್ಪಿನಕಾಯಿ ಬೇಕೆಂದು ಮೊದಲೇ ಹೇಳಿ ತರಿಸಿದ್ದರು. ಬಾಟಲಿಯ ಮೇಲೂ ಹಾಗೆಯೇ ಇತ್ತು. ಪಂಕ್ತಿಯಲ್ಲಿ ಕೂತ ಹಿರಿಯರೊಬ್ಬರು ಎಲೆಯ ತುದಿಯಿಂದ ಒಂದು ಮಿಡಿ ಎತ್ತಿ ಬಾಯಿಗಿಟ್ಟರು, ಹಾಗೆಯೇ ಎದ್ದುಬಿಟ್ಟರು. ಅವರ ಹಿಂದೆ ಅರ್ಧ ಪಂಕ್ತಿ ಎದ್ದಿತಂತೆ. ಒಳಗಿದ್ದದ್ದು ಬೆಳ್ಳುಳ್ಳಿ ಹಾಕಿದ ಉಪ್ಪಿನಕಾಯಿ. ನೋಡಲು ಎರಡೂ ಒಂದೇ ಬಣ್ಣ. ಫೋನಿನಲ್ಲಿ ಆ ಮನೆಯವರು, "ಪೂಜೆ ಊಟಕ್ಕೆ ಬೆಳ್ಳುಳ್ಳಿ ತಿನ್ಸಿದ್ರಲ್ಲ ಮಾರಾಯ್ರೆ, ನಾವು ಯಾರ್ಯಾರ ಕಾಲು ಹಿಡೀಬೇಕು ಹೇಳಿ?" ಎಂದು ಕೇಳಿದ್ದು ಇವರ ಕಿವಿಯಿಂದ ಆಚೆಗೂ ಕೇಳುತ್ತಿತ್ತು. ಆ ಹೊತ್ತಿಗೆ ನಾನು ಅಲ್ಲೇ ಇದ್ದೆ.

ಇವರು ಸಾಮಾನ್ಯಕ್ಕೆ ಸಿಟ್ಟು ಮಾಡುವವರಲ್ಲ. ಆ ದಿನ ಎಲ್ಲರ ಮುಂದೆ ದೇವಕಿಯನ್ನು ಕರೆದರು.

"ಕಣ್ಣು ಎಲ್ಲಿಟ್ಟುಕೊಂಡು ಕೆಲಸ ಮಾಡುದು ನೀನು? ಹೆಸರು ಕೆಳಗೇ ಉಂಟಲ್ಲ?"

"ತಪ್ಪಾಯ್ತು ಅಣ್ಣ."

"ಇನ್ನೊಂದು ಸಲ ಹೀಗಾದ್ರೆ ವಾಪಸ್ ಒಳಗೆ ಕಳಿಸುದೇ. ಹೇಳ್ಲಿಲ್ಲ ಅಂತ ಬೇಡ."

ಒಳಗೆ ಎಂದರೆ ಉಪ್ಪುನೀರಿನ ಬಳಿ. ದೇವಕಿ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ನಿಂತಿದ್ದಳು. ಬಳೆ ಸದ್ದು ಮಾಡಬಾರದೆಂದೋ ಏನೋ. ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಆಡಿತು. ಕೂಡಲೇ ನಾನೇ ಅದಕ್ಕೆ ಸಮಾಧಾನ ಹೇಳಿದೆ: ನಾನು ಮಾಡಿದ್ದು ಜೋಡಣೆ, ಹೆಸರು ಅಳಿಸಿಲ್ಲವಲ್ಲ. ಓದದೆ ಒತ್ತಿದ್ದು ಅವಳ ಅಜಾಗ್ರತೆ. ಅತ್ತ ರೋಸಮ್ಮ, "ಇದನ್ನು ಯಾರು ಸಾಲು ಮಾಡಿದ್ದು? ನನ್ನದೊಂದೂ ಸಿಗುದಿಲ್ಲ," ಎಂದು ಗೊಣಗುತ್ತಾ, ದೇವಕಿ ಕೇಳಿಕೊಂಡಂತೆ ಒಂದೊಂದನ್ನೇ ಮೊದಲಿನ ಜಾಗಕ್ಕೆ ಎಳೆದು ಬಿಟ್ಟಳು. ಬೊಟ್ಟುಗಳೂ ಪುನಃ ಬಂದವು. ಅವರಿಗೆ ಶಿಸ್ತು ಬೇಡವಾದರೆ ನಾನೇನು ಮಾಡಲಿ ಎಂದುಕೊಂಡೆ.

ಕೆಲವು ತಿಂಗಳು ಕಳೆದು ನಾಲ್ಕೂ ಕಂಪ್ಯೂಟರುಗಳಿಗೆ ಮುಪ್ಪು ಬಂತು. ಸ್ವಿಚ್ಚು ಹಾಕಿ ಚಹಾ ಮಾಡಿಕೊಂಡು ಬಂದರೂ ಅವು ಇನ್ನೂ ಏಳುತ್ತಿರಲಿಲ್ಲ. ಸರಕು ಸಾಗಿಸುವ ಕಾಗದ ತೆಗೆಯುವ ಸೈಟು, ಇಷ್ಟು ಹಳೆಯದರಲ್ಲಿ ನಾನು ತೆರೆಯುವುದಿಲ್ಲ ಎಂದು ಮುಷ್ಕರ ಹೂಡಿತು. ಎಲ್ಲವನ್ನೂ ಫಾರ್ಮ್ಯಾಟ್ ಹೊಡೆಸಿ ಹೊಸ ವ್ಯವಸ್ಥೆ ಹಾಕಿಸುವುದೆಂದು ಇವರು ನಿಶ್ಚಯಿಸಿದರು. ಸುದ್ದಿ ಕೇಳಿದ ದಿನ ದೇವಕಿ ನನ್ನನ್ನು ಕೈ ತೊಳೆಯುವ ತೊಟ್ಟಿಯ ಹತ್ತಿರ ಹಿಡಿದಳು.

"ಅಕ್ಕ, ಈ ಫಾರ್ಮ್ಯಾಟ್ ಅಂದ್ರೆ ಎಂತ ಮಾಡುದು?"

"ಇದ್ದದ್ದೆಲ್ಲ ಅಳಿಸಿ ಹೊಸತು ಹಾಕುದು."

"ಎಲ್ಲ ಅಂದ್ರೆ ಎಲ್ಲವಾ?"

"ಬೇಕಾದ್ದನ್ನು ಮೊದಲೇ ತೆಗೆದಿಟ್ಟು ವಾಪಸ್ ಹಾಕ್ತಾರೆ. ನೀನು ಯಾಕೆ ಹೆದರುದು?"

"ಇದ್ದ ಜಾಗಕ್ಕೇ ಹಾಕ್ತಾರಾ?"

"ಜಾಗ ಯಾವುದಾದ್ರೆ ಎಂತ ದೇವಕಿ?" ಎಂದು ನಾನು ನಕ್ಕೆ. ಅವಳು ನಗಲಿಲ್ಲ. ನಲ್ಲಿಯ ಕೆಳಗೆ ತನ್ನ ಅಂಗೈಯನ್ನು ಮಗುಚಿ ಮಗುಚಿ ನೋಡಿದಳು.

ಹಮೀದಾಕ ಬಂದದ್ದು ಬೆಳಿಗ್ಗೆ ಒಂಬತ್ತರ ಬಸ್ಸಿಗೆ. ನೆಲ್ಯಾಡಿಯ ಬ್ಯಾರಿ ಮನೆತನದವರು. ಬಹಳ ವರ್ಷ ಗಲ್ಫಿನ ಒಂದು ಆಫೀಸಿನಲ್ಲಿ ಇದೇ ಕೆಲಸ ಮಾಡಿ ಊರಿಗೆ ಮರಳಿದವರು. ಐವತ್ತು ದಾಟಿದ ವಯಸ್ಸು, ಮಣಿಕಟ್ಟಿನವರೆಗೆ ಗುಂಡಿ ಹಾಕಿದ ಬಿಳಿ ಶರ್ಟು, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ. ಚೀಲದಿಂದ ಅವರು ಒಂದೊಂದೇ ವಸ್ತು ತೆಗೆದು ಮೇಜಿನ ಮೇಲಿಟ್ಟಾಗ ನನಗೆ ಕಣ್ಣಿಗೆ ಹಬ್ಬ: ಗೋಡೆಗೆ ಬಣ್ಣ ಬಳಿಯುವ ಕುಂಚ, ಬಟ್ಟೆಯಲ್ಲಿ ಸುತ್ತಿದ ಸ್ಕ್ರೂಡ್ರೈವರುಗಳು, ಬೇರೆ ಬೇರೆ ಬಣ್ಣದ ದಾರ ಕಟ್ಟಿದ ಪೆನ್‌ಡ್ರೈವುಗಳು, ಮೂಲೆ ಮಡಚಿದ ಒಂದು ಉದ್ದ ಪುಸ್ತಕ. ನಮ್ಮ ಸಿಸ್ಟರ್ ನೋಡಿದ್ದರೆ ಮೆಚ್ಚುತ್ತಿದ್ದರು. ಪೆಟ್ಟಿಗೆ ಬಿಚ್ಚುವ ಮೊದಲು ಪ್ರತಿ ಸಲವೂ ಅವರು ಕಿಟಕಿಯ ಕಬ್ಬಿಣದ ಸರಳನ್ನು ಮುಟ್ಟಿ ಬರುತ್ತಿದ್ದರು. ಏನೋ ಹರಕೆಯಿರಬೇಕೆಂದು ಭಾವಿಸಿ, ಸಂಕೋಚದಿಂದಲೇ ಕೇಳಿದೆ.

"ನಮ್ಮ ಮೈಯಲ್ಲಿ ಸಣ್ಣ ಕರೆಂಟು ಉಂಟಮ್ಮ. ಅದು ಇದ್ರ ಒಳಗೆ ಹೋದ್ರೆ ಪಾಪ, ಸತ್ತೇ ಹೋಗ್ತದೆ. ಅದನ್ನು ಕಿಟಕಿಗೆ ಕೊಟ್ಟು ಬರುದು," ಎಂದರು.

ಅವರ ಕ್ರಮವೊಂದು ಬೇರೆಲ್ಲೂ ನಾನು ಕಾಣದ್ದು. ಯಾವ ಕಂಪ್ಯೂಟರನ್ನೂ ಅಳಿಸುವ ಮೊದಲು, ಅದರಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ಅವರ ಎದುರು ಕೂತು ತಮ್ಮ ನಿತ್ಯದ ಕೆಲಸವನ್ನು ಮಾಡಿ ತೋರಿಸಬೇಕು.

"ಒಂಬತ್ತು ಜನ ಇದ್ದಾರೆ ಹಮೀದಾಕ, ಅಷ್ಟು ಪುರುಸೊತ್ತು ಎಲ್ಲುಂಟು?" ಎಂದು ಇವರು ಕೇಳಿದರು.

"ಮನೆ ಒಡೆದು ಕಟ್ಟುವಾಗ ಯಾರು ಎಲ್ಲಿ ಮಲಗುದು ಅಂತ ಗೊತ್ತಿರ್ಬೇಕಲ್ಲ ಮಾರಾಯ್ರೆ. ಇಲ್ಲದಿದ್ರೆ ಅಜ್ಜಿಯ ಮಂಚ ಮೆಟ್ಲಿನ ಕೆಳಗೆ ಬರ್ತದೆ."

ಒಬ್ಬೊಬ್ಬರೇ ಕೂತರು. ರೋಸಮ್ಮ, ಲಾರಿಯ ಕಾಗದದ ಫೋಲ್ಡರಿನೊಳಗೆ ಬಚ್ಚಿಟ್ಟಿದ್ದ ಕ್ರಿಸ್‌ಮಸ್ ಹಾಡುಗಳನ್ನು ನಾಚಿಕೊಂಡು ತೋರಿಸಿದಳು. "ಇದೂ ಬೇಕು ಅಂತ ಬರ್ಕೊಳ್ಳಿ, ದೊಡ್ಡ ಸ್ವರದಲ್ಲಿ ಹೇಳ್ಬೇಡಿ," ಎಂದಳು. ಹಮೀದಾಕ ನಗದೆ ಬರೆದುಕೊಂಡರು. ಕೊನೆಗೆ ದೇವಕಿಯ ಸರದಿ ಬಂತು. ನಾನು ಚಹಾದ ಲೋಟಗಳನ್ನು ತೆಗೆಯಲು ಹೋದವಳು ಅವರ ಹಿಂದೆಯೇ ನಿಂತೆ.

ದೇವಕಿ ಎಡಗೈಯ ತೋರುಬೆರಳನ್ನು ಚೌಕಟ್ಟಿನ ಕೆಂಪು ಬೊಟ್ಟಿನ ಮೇಲಿಟ್ಟಳು. ಅಲ್ಲಿಂದ ನೇರ ಬಲಕ್ಕೆ ಸರಿಯುತ್ತಾ ತುಟಿಯಲ್ಲೇ ತುಳುವಿನ ಲೆಕ್ಕ ಹೇಳಿಕೊಂಡಳು: ಒಂಜಿ, ರಡ್ಡ್, ಮೂಜಿ. ಮೂರನೆಯದನ್ನು ಬಲಗೈ ಒತ್ತಿತು. ಲೇಬಲು ಬಂತು. ಮುಂದಿನದಕ್ಕೆ ಹಸಿರು ಬೊಟ್ಟಿನಿಂದ ಎರಡು. ಕಣ್ಣು ಒಮ್ಮೆಯೂ ಹೆಸರಿನ ಮೇಲೆ ಹೋಗಲಿಲ್ಲ. ಹೋಗಿ ಪ್ರಯೋಜನವೂ ಇರಲಿಲ್ಲ. ತಮ್ಮಂದಿರನ್ನು ನೋಡಿಕೊಳ್ಳಲಿಕ್ಕೆ ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು ಅವಳು ಎಂದು ನಾನು ಎಂದೋ ಕೇಳಿದ್ದೆ. ಕೇಳಿದ್ದರ ಅರ್ಥ ನನ್ನೊಳಗೆ ಇಳಿದದ್ದು ಆ ಕ್ಷಣದಲ್ಲಿ. ಅವಳಿಗೆ ಅಂಕಿ ಗೊತ್ತು, ಅಕ್ಷರ ಗೊತ್ತಿಲ್ಲ. ಹದಿನಾಲ್ಕು ಲೇಬಲನ್ನು ಅವಳು ಹದಿನಾಲ್ಕು ಜಾಗವಾಗಿ ಕಲಿತಿದ್ದಾಳೆ. ಆ ಜಾಗಗಳನ್ನೂ ಬೊಟ್ಟುಗಳನ್ನೂ ಒಂದು ಗುರುವಾರ ನಾನು ಅಳಿಸಿ ಹಾಕಿದ್ದೆ. ಯಾರನ್ನೂ ಕೇಳಲಾಗದೆ ಅವಳು ಅಂದಾಜಿನಲ್ಲಿ ಒತ್ತಿರಬೇಕು.

"ಉಂದು ದಾನೆ ದೇವಕಿಯಕ್ಕ, ಗುರ್ತೊಗಾ?" ಎಂದು ಹಮೀದಾಕ ಬೊಟ್ಟು ತೋರಿಸಿ ಕೇಳಿದರು. ಇದೇನು, ಗುರುತಿಗಾ ಎಂದು. ದೇವಕಿಯ ಮುಖ ಕೆಂಪಾಯಿತು, ಬೊಟ್ಟನ್ನು ಅಂಗೈಯಿಂದ ಮುಚ್ಚಿದಳು. ಅವರು ಕೂಡಲೇ, "ಆವು, ಆವು," ಆಗಲಿ ಬಿಡು ಎನ್ನುತ್ತಾ ಪುಸ್ತಕದ ಹೊಸ ಪುಟ ತೆರೆದರು. ಸೀಸಕಡ್ಡಿಯಲ್ಲಿ ಪರದೆಯ ನಕ್ಷೆ ಬರೆದರು, ಮನೆ ಕಟ್ಟುವವರು ಬರೆಯುವ ಹಾಗೆ. ಯಾವ ಚಿತ್ರ ಎಲ್ಲಿ, ಎಷ್ಟು ಬೆರಳು ಅಂತರ. ಚೌಕಟ್ಟಿನ ಬೊಟ್ಟುಗಳನ್ನೂ ಬರೆದರು. ಬೇರೆ ಯಾರೂ ಗಮನಿಸಲಿಲ್ಲ.

ಆಮೇಲೆ ಅಳಿಸಿದರು. ನಾನು ಒಲೆ ಮುಂದೆ ಬದುಕು ಕಳೆದವಳು. ಒಂದು ವಸ್ತು ಇನ್ನೊಂದಾಗುವುದನ್ನು ದಿನಾ ನೋಡುತ್ತೇನೆ. ಆದರೂ ಆ ದಿನದ ಬೆರಗು ಬೇರೆ. ಒಂಬತ್ತು ಜನರ ಕೆಲಸ, ಹಾಡು, ತಪ್ಪುಗಳಿದ್ದ ಪೆಟ್ಟಿಗೆ ಕಪ್ಪಾಗಿ, ಅದರ ನಡುವೆ ಬಿಳಿಯ ಅಂಕಿಯೊಂದು ನಿಧಾನವಾಗಿ ಏರತೊಡಗಿತು. ನೂರಾದ ಮೇಲೆ ಕಂಪ್ಯೂಟರು ಎದ್ದಿತು, ಆದರೆ ಅದಕ್ಕೆ ತನ್ನ ಮೈಯ ಪರಿಚಯವೇ ಇರಲಿಲ್ಲ. ಅಕ್ಷರಗಳು ಊದಿಕೊಂಡಿದ್ದವು. ದನಿಯಿಲ್ಲ. ಇಂಟರ್‌ನೆಟ್ಟಿಲ್ಲ. ಕಿವಿ, ಗಂಟಲು, ಕಣ್ಣು ಎಲ್ಲವೂ ಇವೆ, ಇರುವುದು ಅದಕ್ಕೆ ತಿಳಿದಿಲ್ಲ.

"ಇನ್ನು ಒಂದೊಂದಕ್ಕೂ ಡ್ರೈವರ್ ಹಾಕುದು," ಎಂದರು ಹಮೀದಾಕ. "ಡ್ರೈವರ್ ಅಂದ್ರೆ ಮಾತು ದಾಟಿಸುವವ ಅಮ್ಮ. ನಿಮ್ಮ ದೇವಕಿಯಕ್ಕ ತುಳುವಲ್ಲಿ ಹೇಳಿದ್ದನ್ನು ರೋಸಮ್ಮ ಮಲಯಾಳದಲ್ಲಿ ತನ್ನ ತಾಯಿಗೆ ಹೇಳುದಿಲ್ವಾ, ಹಾಗೆ."

ಕಣ್ಣಿನ ಡ್ರೈವರು ಹಾಕಿದಾಗ ಪರದೆ ಒಮ್ಮೆ ಕತ್ತಲಾಗಿ, ಪೊರೆ ತೆಗೆದ ಕಣ್ಣಿನ ಹಾಗೆ ಚುರುಕಾಯಿತು. ದನಿಯದ್ದು ಹಾಕಿದಾಗ ಒಂದು ಪುಟ್ಟ ರಾಗ ಹೊರಟು ಒಳಗಿನ ಕಟ್ಟಡದ ಹೆಂಗಸರು ಕೂಡ ಬಾಗಿಲಿಗೆ ಬಂದು ನೋಡಿದರು. ಇಂಟರ್‌ನೆಟ್ಟಿನ ಡ್ರೈವರು ಇಂಟರ್‌ನೆಟ್ಟಿನಲ್ಲೇ ಇದೆಯೆಂದೂ, ಅದಿಲ್ಲದೆ ಇಂಟರ್‌ನೆಟ್ಟು ಬರುವುದಿಲ್ಲವೆಂದೂ ತಿಳಿದಾಗ ನನ್ನ ತಲೆ ತಿರುಗಿತು. ಹಮೀದಾಕ ಹಸಿರು ದಾರದ ಪೆನ್‌ಡ್ರೈವನ್ನು ಎತ್ತಿ ತೋರಿಸಿ ನಕ್ಕರು. ಮಧ್ಯಾಹ್ನದೊಳಗೆ ನಾಲ್ಕೂ ಎದ್ದು ಕೂತವು.

ಎಲ್ಲ ಸರಿಯಾಯಿತು, ಲೇಬಲಿನ ಪ್ರಿಂಟರು ಮಾತ್ರ ಮಾತಾಡಲಿಲ್ಲ. ಹೊಸ ವ್ಯವಸ್ಥೆಗೆ ಅಂಥದ್ದೊಂದು ಇದೆಯೆಂದೇ ಗೊತ್ತಿಲ್ಲ. ಮಾಡಿದ ಕಂಪನಿಯವರು ಹೊಸ ಡ್ರೈವರು ಮಾಡಲೇ ಇಲ್ಲವಂತೆ. ಹಮೀದಾಕ ಹಳೆಯದನ್ನು ಹಾಕಿ ನೋಡಿದರು. ಖಾಲಿ ಲೇಬಲು ಬಂತು. ಪುನಃ ಹಾಕಿದರು. ಕರಿ ಪಟ್ಟಿ ಬಂತು. ಇನ್ನೊಮ್ಮೆ ಹಾಕಿದರೆ ಅರ್ಧ ಅಕ್ಷರ.

"ಹೋದ್ರೆ ಹೋಗ್ಲಿ ಬಿಡಿ," ಎಂದರು ಇವರು, ಬಾಗಿಲ ಬಳಿ ನಿಂತು. "ಲೇಬಲ್ ಮಂಗಳೂರಿನಲ್ಲೇ ಮಾಡಿಸಿ ತರುವ. ಈ ಬೆಳ್ಳುಳ್ಳಿ ರಗಳೆಯೂ ತಪ್ತದೆ."

ದೇವಕಿ ಗೋಡೆಗೊರಗಿ ನಿಂತಿದ್ದಳು. ಲೇಬಲು ಮಂಗಳೂರಿಗೆ ಹೋದರೆ ಅವಳು ಎಲ್ಲಿಗೆ ಹೋಗಬೇಕೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವಳ ಬಲ ಹೆಬ್ಬೆರಳು ಎಡಗೈಯ ಬೆರಳ ಸಂದುಗಳನ್ನು ಒಂದೊಂದಾಗಿ ಸವರುತ್ತಿತ್ತು.

ಹಮೀದಾಕ ಕನ್ನಡಕ ಇಳಿಸಿದರು. "ಒಂದು ದಾರಿ ಉಂಟು. ಈ ಹೊಸತರಲ್ಲಿಯೇ ಇನ್ನೊಂದು ಬಗೆ ಬರ್ತದೆ, ಹಳೆ ಯಂತ್ರಗಳ ಮಾತು ಸ್ವಲ್ಪ ಗೊತ್ತಿರುವಂಥದ್ದು. ಅದನ್ನು ಹಾಕ್ಬೇಕಾದ್ರೆ ಇದನ್ನು ಇನ್ನೊಮ್ಮೆ ಪೂರ್ತಿ ಅಳಿಸ್ಬೇಕು."

"ಬೆಳಿಗ್ಗಿಂದ ಮಾಡಿದ್ದನ್ನಾ?" ಎಂದರು ಇವರು.

"ಮಾಡಿದವ ನಾನೇ ಅಲ್ವಾ? ಅಳಿಸ್ಲಿಕ್ಕೆ ಯಾರನ್ನೂ ಕೇಳ್ಬೇಕಾಗಿಲ್ಲ."

ತಾನು ಆಗಷ್ಟೇ ಕಟ್ಟಿ ನಿಲ್ಲಿಸಿದ್ದನ್ನು ಒಂದು ನಿಟ್ಟುಸಿರೂ ಇಲ್ಲದೆ ಅಳಿಸಿದ ಮನುಷ್ಯನನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ದೋಸೆ ಕಾವಲಿಗೆ ಹಿಡಿದರೆ ನಾನು ಇಡೀ ಮನೆಗೆ ಕೇಳುವ ಹಾಗೆ ಪಾತ್ರೆ ಕುಕ್ಕುವವಳು. ಅಂಕಿ ಪುನಃ ಸೊನ್ನೆಯಿಂದ ಏರತೊಡಗಿತು. ಅದು ಏರುತ್ತಿರುವಾಗ ಅವರು ಜಗಲಿಯ ಮೂಲೆಯಲ್ಲಿ ನಮಾಜು ಮುಗಿಸಿ ಬಂದರು. ದೇವಕಿ ಕೇಳದೆಯೇ ಒಂದು ಚೊಂಬು ನೀರು ತಂದಿಟ್ಟಳು. ಪುನಃ ಕಣ್ಣು, ಪುನಃ ದನಿ. ಸಂಜೆ ನಾಲ್ಕರ ಹೊತ್ತಿಗೆ ಪ್ರಿಂಟರು ಒಮ್ಮೆ ಕೆಮ್ಮಿ ಒಂದು ಲೇಬಲನ್ನು ಹೊರಗಿಟ್ಟಿತು. ಸ್ಪಷ್ಟ, ಕಪ್ಪು, ಪೂರ್ತಿ ಅಕ್ಷರ. ರೋಸಮ್ಮ ಶಿಲುಬೆಯ ಗುರುತು ಮಾಡಿಕೊಂಡಳು.

ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಎದ್ದರು. ಹಮೀದಾಕ ಏಳಲಿಲ್ಲ. ಪುಸ್ತಕ ತೆರೆದು, ನಕ್ಷೆ ನೋಡುತ್ತಾ, ಒಂದೊಂದು ಚಿತ್ರವನ್ನೂ ಅದರದರ ಹಳೆಯ ಜಾಗಕ್ಕೆ ಒಯ್ದು ಕೂರಿಸಿದರು. ಎರಡನೆಯ ಸಾಲಿನಲ್ಲಿ ಮೊದಲು ಏನೂ ಇಲ್ಲದ ಒಂದು ತೆರಪಿತ್ತು. ಅಲ್ಲಿಯೂ ಒಂದು ಚಿತ್ರದಷ್ಟು ಜಾಗ ಬಿಟ್ಟರು.

"ಅದು ಖಾಲಿ ಯಾಕೆ?" ಎಂದು ಕೇಳಿದೆ.

"ಖಾಲಿಯೂ ಲೆಕ್ಕಕ್ಕೆ ಬರ್ತದಲ್ಲ ಅಮ್ಮ," ಎಂದರು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಇವರು ಬಂದು ಇಣುಕಿದರು. "ಇದೆಂತ, ಎಲ್ಲ ಹೊಸತು ಮಾಡಿ ಇದೊಂದು ಮಾತ್ರ ಹೀಗೆ ಚೆಲ್ಲಾಪಿಲ್ಲಿ? ಚೆಂದಕ್ಕೆ ಸಾಲಾಗಿ ಇಡಿ."

"ಹಾಗೆ ಮಾಡ್ಲಿಕ್ಕಿಲ್ಲ ಮಾರಾಯ್ರೆ. ಈ ಪ್ರಿಂಟರಿನ ಡ್ರೈವರ್ ಮುದಿ. ಈ ಚಿತ್ರಗಳ ಜಾಗ ತಪ್ಪಿದ್ರೆ ಅದಕ್ಕೆ ದಾರಿ ತಪ್ತದೆ. ಯಾರೂ ಕದಲಿಸ್ಬಾರ್ದು. ಒಂದು ಬೋರ್ಡ್ ಹಾಕಿ ಬಿಡಿ."

ಡಿಗ್ರಿ ಪಾಸಾದ ನಮ್ಮ ಯಜಮಾನರು ಗಂಭೀರವಾಗಿ ತಲೆಯಾಡಿಸಿದರು. ನನ್ನ ಅಕ್ಷರ ದುಂಡಗಿದೆಯೆಂದು ಬೋರ್ಡು ಬರೆಯುವ ಕೆಲಸ ನನಗೇ ಬಂತು. 'ಐಕಾನ್ ಕದಲಿಸಬಾರದು. ಡ್ರೈವರ್ ಹೋಗುತ್ತದೆ.' ಕಾನ್ವೆಂಟಿನಲ್ಲಿ ಕಲಿತ ಅಕ್ಷರದಲ್ಲಿ ನಾನು ಬರೆದ ಮೊದಲ ಸುಳ್ಳು ಅದು. ಒಂದು ಸಾಲೂ ಓರೆಯಾಗಲಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಹಮೀದಾಕರಿಗೆ ಚಹಾ ಕೊಡುತ್ತಾ, ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಗಲ್ಫಿನಲ್ಲಿ ಒಂದು ಕಂಪ್ಯೂಟರಿಗೆ ಮೂರು ಪಾಳಿಯ ಜನ. ಒಬ್ಬ ಪಠಾಣ ಇದ್ದ, ಗೋದಾಮಿನವ. ನಾನು ಒಮ್ಮೆ ಫಾರ್ಮ್ಯಾಟ್ ಮಾಡಿ ಪರದೆಯನ್ನು ಬಹಳ ಚೆಂದ ಜೋಡ್ಸಿ ಕೊಟ್ಟೆ. ಮರುದಿನ ಅವ ಒತ್ತಿದ್ದೆಲ್ಲ ತಪ್ಪು. ಓದ್ಲಿಕ್ಕೆ ಬರುದಿಲ್ಲ ಅಂತ ಅಲ್ಲಿ ಯಾರಿಗೂ ಗೊತ್ತಿರ್ಲಿಲ್ಲ. ಗೊತ್ತಾಯ್ತು. ಊರಿಗೆ ಕಳ್ಸಿದ್ರು." ಚಹಾ ಊದಿದರು. "ಜೋಡ್ಸಿದ್ದು ನಾನು ಅಂತ ನಾನು ಹೇಳ್ಲಿಲ್ಲ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಕೂತು ತೋರ್ಸಿ ಅಂತ ಹೇಳ್ಲಿಕ್ಕೆ ಸುರು ಮಾಡಿದ್ದು ಅದ್ರ ನಂತ್ರ."

ನನ್ನದನ್ನೂ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ. ನಾನು ಮಾಡಿದ್ದೇನು ಗೊತ್ತೇ? ಅವರ ಲೋಟಕ್ಕೆ ಇನ್ನಷ್ಟು ಚಹಾ ಸುರಿದೆ.

ಆಮೇಲೆ ವರ್ಷಗಳು ಹೋದವು. ಹಮೀದಾಕ ಈಗ ಮಂಡಿನೋವಿನಿಂದ ಮನೆ ಬಿಟ್ಟು ಬರುವುದಿಲ್ಲ. ಕಂಪನಿಯಲ್ಲಿ ಬೇರೆ ಕಂಪ್ಯೂಟರುಗಳು ಬದಲಾಗಿವೆ, ಕಿಟಕಿಯ ಬದಿಯದನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಹೊಸದಾಗಿ ಸೇರಿದವರಿಗೆ ಇವರೇ ಮೊದಲ ದಿನ ಎಚ್ಚರಿಕೆ ಕೊಡುತ್ತಾರೆ, ಅದರಲ್ಲಿ ಒಂದು ಚಿತ್ರ ಆಚೀಚೆಯಾದರೂ ಡ್ರೈವರು ಹೋಗುತ್ತದೆಂದು. ದೇವಕಿಯ ಕೈ ನುಣ್ಣಗಿದೆ. ಇಷ್ಟೆಲ್ಲ ಸರಿಯಾದ ಮೇಲೆ ಹಳೆಯದನ್ನು ಕೆದಕುವುದು ಯಾಕೆ ಎಂದು ನಾನೂ ಸುಮ್ಮನಿದ್ದೆ. ಆದರೆ ಬೆಳ್ಳುಳ್ಳಿಯ ಕಥೆ ಕಂಪನಿಯಲ್ಲಿ ಸಾಯಲಿಲ್ಲ. ಯಾರಾದರೂ ಹೊಸಬರು ಎಡವಿದರೆ, "ದೇವಕಿಯ ಬೆಳ್ಳುಳ್ಳಿಯ ಹಾಗೆ ಆಗ್ಬಾರ್ದು ನೋಡಿ," ಎಂದು ಇವರು ಇಂದಿಗೂ ನಗುತ್ತಾ ಹೇಳುತ್ತಾರೆ. ದೇವಕಿಯೂ ಎಲ್ಲರೊಂದಿಗೆ ನಗುತ್ತಾಳೆ. ಮೊನ್ನೆ ಹಾಲು ಉಕ್ಕಿದ ಮೇಲೆ ನನಗೆ ಆ ನಗುವನ್ನು ನೆನೆದು ಕೂರಲಾಗಲಿಲ್ಲ. ನಿನ್ನೆ ಬಸ್ಸು ಹತ್ತಿ ಹೋದೆ.

ಅವಳು ಲೇಬಲು ತೆಗೆಯುತ್ತಿದ್ದಳು. ಪಕ್ಕದಲ್ಲಿ ಸ್ಟೂಲು ಎಳೆದು ಕೂತೆ.

"ದೇವಕಿ, ಆ ಐವರ್ನಾಡಿನ ಉಪ್ಪಿನಕಾಯಿ ಉಂಟಲ್ಲ, ಅದು ನಿನ್ನಿಂದ ಆದದ್ದಲ್ಲ. ಆ ಗುರುವಾರ ಎಲ್ಲರೂ ಊಟಕ್ಕೆ ಹೋದಾಗ ನಾನು..."

"ಗೊತ್ತುಂಟು ಅಕ್ಕ."

"ಎಂತ ಗೊತ್ತುಂಟು?"

"ನೀವು ಬೊಟ್ಟು ತೆಗ್ದವ್ರು ಬಿಸಾಡಿರ್ಲಿಲ್ಲ. ಮೇಜಿನ ಬದಿಗೆ ಅಂಟ್ಸಿ ಇಟ್ಟಿದ್ರಿ. ನಾಲ್ಕೂ ಒಂದೇ ಸಾಲು, ಗೆರೆ ಎಳೆದ ಹಾಗೆ. ಇಲ್ಲಿ ಹಾಗೆ ಮಾಡುವವ್ರು ಬೇರೆ ಯಾರುಂಟು?"

ನಾನು ತಲೆ ತಗ್ಗಿಸಿದೆ. "ಮತ್ತೆ ಆ ದಿನ ಹೇಳ್ಲಿಲ್ಲ ಯಾಕೆ?"

"ಹೇಳಿದ್ರೆ ಅಣ್ಣ ಎಂತ ಕೇಳ್ತಿದ್ರು? ಹೆಸರು ಉಂಟಲ್ಲ, ಓದ್ಲಿಕ್ಕೆ ಆಗ್ಲಿಲ್ವಾ ಅಂತ. ಅದಕ್ಕಿಂತ ಕಣ್ಣು ಸರಿ ಇಲ್ಲ ಅಂತ ಬೈಸ್ಕೊಳ್ಳುದೇ ಸುಲಭ." ಪ್ರಿಂಟರಿನಿಂದ ಹೊರಬಿದ್ದ ಪಟ್ಟಿಯನ್ನು ಅವಳು ಹರಿದು ಮಡಚಿಟ್ಟಳು.

"ನಾನು ಈಗ ಇವರಿಗೆ ಹೇಳ್ತೇನೆ."

ಅವಳ ಕೈ ನಿಂತಿತು. "ಬೇಡ ಅಕ್ಕ. ಮತ್ತೆ ಓದುವ ವಿಷಯ ಬರ್ತದೆ." ಆಮೇಲೆ ನಾನು ಬರೆದ ಬೋರ್ಡಿನ ಕಡೆ ತಿರುಗಿ, ತುಟಿಯ ತುದಿಯಲ್ಲಿ ನಕ್ಕಳು. "ಹೇಳುದಾದ್ರೆ ಹೀಗೆ ಹೇಳಿ. ಐಕಾನ್ ಕದಲಿಸಿದ್ದು ನಾನು, ಹಾಗಾಗಿ ಡ್ರೈವರ್ ದಾರಿ ತಪ್ಪಿ ಲೇಬಲ್ ಅದಲು ಬದಲಾಯ್ತು ಅಂತ. ಅಣ್ಣ ನಂಬ್ತಾರೆ."

ನಾನು ಅವಳನ್ನು ನೋಡುತ್ತಾ ಕೂತೆ. ಇಂಥ ತಲೆಯನ್ನು ನಾವು ಇಷ್ಟು ವರ್ಷ ಲೇಬಲು ಒತ್ತಲಿಕ್ಕೆ ಮಾತ್ರ ಕೂರಿಸಿದ್ದೆವಲ್ಲ ಎಂದು ನಾಚಿಕೆಯಾಯಿತು. ಎದ್ದು ಇವರ ಮೇಜಿಗೆ ಹೋಗಿ, ಅವಳು ಹೇಳಿಕೊಟ್ಟ ಹಾಗೆಯೇ, ಒಂದು ಮಾತೂ ಹೆಚ್ಚುಕಡಿಮೆಯಿಲ್ಲದೆ ಒಪ್ಪಿಸಿದೆ.

ಇವರು ಪೆನ್ನು ಕೆಳಗಿಟ್ಟರು. "ನೀನಾ ಕದಲಿಸಿದ್ದು?"

"ಹೌದು."

"ಹಾಗಾದ್ರೆ ನಾನು ಅವಳಿಗೆ ಸುಮ್ಮನೆ ಬೈದದ್ದಾ?"

"ಹೌದು. ಎಲ್ಲರ ಎದುರು."

ಇವರು ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಎದ್ದು ಕಿಟಕಿಯ ಬಳಿಗೆ ಹೋದರು. ದೇವಕಿಯ ಕುರ್ಚಿಯ ಹಿಂದೆ ನಿಂತು ಒಮ್ಮೆ ಕೆಮ್ಮಿದರು, ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿ ತೆಗೆದರು. ರೋಸಮ್ಮ ತಲೆಯೆತ್ತಿದಳು, ಆಫೀಸಿನವರೆಲ್ಲ ತಲೆಯೆತ್ತಿದರು.

"ದೇವಕಿ, ಆ ಬೆಳ್ಳುಳ್ಳಿ ನಿನ್ನ ತಪ್ಪಲ್ಲವಂತೆ," ಎಂದರು ಇವರು, ಎಲ್ಲರಿಗೂ ಕೇಳುವ ಹಾಗೆ. "ನಮ್ಮ ಮನೆಯದ್ದೇ ತಪ್ಪು."

ದೇವಕಿ ಹಿಂದೆ ತಿರುಗಲಿಲ್ಲ. "ಆಯ್ತಣ್ಣ," ಎಂದಳು. ಅವಳ ಬೆರಳು ಪರದೆಯ ಬದಿಯಲ್ಲಿತ್ತು. ಎಣಿಕೆ ಎಲ್ಲಿಗೆ ನಿಂತಿತೆಂದು ಮರೆತುಹೋಯಿತೋ ಏನೋ, ಅವಳು ಪುನಃ ಒಂದರಿಂದ ಎಣಿಸತೊಡಗಿದಳು. ಈ ಸಲ ತುಟಿಯೊಳಗೆ ಹೇಳಿಕೊಳ್ಳಲಿಲ್ಲ. ಗಟ್ಟಿಯಾಗಿಯೇ ಎಣಿಸಿದಳು.